ಭಟ್ಟಿಯ ಮರಳು, ಅಪ್ಪನ ಪರದೆ: ದಾವಣಗೆರೆಯ ಬಹುಮಾಧ್ಯಮ ಕಲಾವಿದೆಯೊಬ್ಬರ ಪ್ರಕರಣ

ಎರಡೇ ರಾತ್ರಿ ಇದ್ದು ಆಮೇಲೆ ಗುಡಿಸಿಹೋದ ಒಂದು ಕಲಾಕೃತಿಯನ್ನು ಕೊಳ್ಳುತ್ತೇವೆ ಎಂದು ಕೆಲವು ವರ್ಷ ಕಳೆದ ಮೇಲೆ ಖಾಸಗಿ ಸಂಗ್ರಹಾಲಯವೊಂದರಿಂದ ದಾವಣಗೆರೆಗೆ ಪತ್ರ ಬಂತು. ಕೊಳ್ಳುವುದಕ್ಕೆ ಇಲ್ಲಿ ಏನೂ ಉಳಿದಿರಲಿಲ್ಲ. ಮರಳು ಮತ್ತೆ ಬಾಣಲೆ ಸೇರಿತ್ತು, ಪರದೆ ಮಡಚಿಕೊಂಡು ಅಟ್ಟ ಹತ್ತಿತ್ತು, ದನಿಗಳು ಒಂದು ಹಾರ್ಡ್ ಡಿಸ್ಕಿನಲ್ಲಿದ್ದವು, ಜರಡಿ ಹಿಡಿದಿದ್ದ ಹೆಂಗಸರು ತಮ್ಮ ತಮ್ಮ ಮಂಡಕ್ಕಿ ಭಟ್ಟಿಗಳಲ್ಲಿ ಎಂದಿನ ಕೆಲಸಕ್ಕೆ ಮರಳಿದ್ದರು. ಪತ್ರ ಮಾತ್ರ ಒಬ್ಬರ ಹೆಸರಿಗೆ ಬಂದಿತ್ತು. ಅದಕ್ಕೆ ಉತ್ತರ ಬರೆಯಬೇಕಾದರೆ ಎಷ್ಟು ಜನರನ್ನು ಕೇಳಬೇಕು ಎಂಬ ಪ್ರಶ್ನೆಯಿಂದ ಈ ಪ್ರಕರಣ ಶುರುವಾಗುತ್ತದೆ.

ಕಲಾವಿದೆಯ ಹೆಸರು ಬರೆಯುತ್ತಿಲ್ಲ, ಮಾರಾಟದ ಮೊತ್ತವನ್ನೂ ಹೇಳುವುದಿಲ್ಲ. ಎರಡೂ ಅವರದೇ ಷರತ್ತು. ಒಪ್ಪಂದದ ಕಾಗದಗಳನ್ನು ಓದಿ, ಎಲ್ಲರಿಗೂ ಕನ್ನಡದಲ್ಲಿ ಬಿಡಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿತ್ತು, ಹಾಗಾಗಿ ಒಳಗಿನದು ಗೊತ್ತು. ಚಿತ್ರಕಲೆ ಓದುವ ಹುಡುಗ ಹುಡುಗಿಯರಿಗೆ ಕಲಾ ಇತಿಹಾಸ ಪಾಠ ಮಾಡುವವನಾಗಿ ಇದನ್ನು ಪೂರ್ತಿ ಬರೆದಿಡಬೇಕು ಅನ್ನಿಸಿತು. ಕಲಾವಿದರ ಬಾಳಿನ ಬಗ್ಗೆ ಬರೆಯುವಾಗ ನಾವು ಸ್ಫೂರ್ತಿ, ಶೈಲಿ, ಪ್ರಶಸ್ತಿ ಇಷ್ಟನ್ನು ಬರೆದು, ಕಾಗದಪತ್ರದ ವಿಷಯ ಬಂದ ಕೂಡಲೇ ಪುಟ ತಿರುಗಿಸುತ್ತೇವೆ. ಒಂದಕ್ಕಿಂತ ಹೆಚ್ಚು ಮಾಧ್ಯಮದಲ್ಲಿ ಕೆಲಸ ಮಾಡುವವರ ಬದುಕು ನಿಲ್ಲುವುದು, ಬೀಳುವುದು ಬಹಳ ಸಲ ಆ ಪುಟದಲ್ಲೇ.

ಪರದೆ ಬರೆಯುವವರ ಮಗಳು

ಅವರು ಹುಟ್ಟಿ ಬೆಳೆದದ್ದು ಹಳೇ ದಾವಣಗೆರೆಯಲ್ಲಿ. ತಂದೆ ನಾಟಕದ ಪರದೆ ಬರೆಯುವವರು. ವೃತ್ತಿರಂಗಭೂಮಿಗೂ ಈ ಊರಿಗೂ ಇರುವ ನಂಟು ಹಳೆಯದು. ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಹೆಸರು, ಪದ್ಮಶ್ರೀ ಪಡೆದ ಚಿಂದೋಡಿ ಲೀಲಾ ಅವರ ಹೆಸರು ಇಲ್ಲಿಯ ಹಿರಿಯರ ಬಾಯಲ್ಲಿ ಇವತ್ತಿಗೂ ಇದೆ. ಇವರ ತಂದೆ ಕೆಲಸ ಮಾಡಿದ್ದು ಅಷ್ಟು ದೊಡ್ಡ ಕಂಪನಿಗಳಿಗಲ್ಲ. ಜಾತ್ರೆಯಿಂದ ಜಾತ್ರೆಗೆ ಕ್ಯಾಂಪ್ ಹಾಕುವ ಸಣ್ಣ ಕಂಪನಿಗಳಿಗೆ, ಹಳ್ಳಿಯ ಹುಡುಗರು ಆಡುವ ನಾಟಕಗಳಿಗೆ ಸೀನರಿ ಬಾಡಿಗೆ ಕೊಡುವ ಅಂಗಡಿಗಳಿಗೆ ಬರೆಯುತ್ತಿದ್ದರು. ದರ್ಬಾರು, ಕಾಡು, ರಸ್ತೆ, ಬಡವರ ಮನೆ. ನಾಲ್ಕು ಪರದೆ ಇದ್ದರೆ ಎಂಥ ನಾಟಕವನ್ನಾದರೂ ದಾಟಿಸಬಹುದು ಎನ್ನುವುದು ಅವರ ಲೆಕ್ಕ.

ಬಟ್ಟೆಯನ್ನು ನೆಲದ ಮೇಲೆ ಹಾಸಿ, ಕುಂಚವನ್ನು ಉದ್ದನೆಯ ಕೋಲಿಗೆ ಕಟ್ಟಿ, ನಿಂತುಕೊಂಡೇ ಬರೆಯುವ ಕೆಲಸ ಅದು. ಪುಡಿ ಬಣ್ಣಕ್ಕೆ ಅಂಟು ಕಾಯಿಸಿ ಬೆರೆಸುವುದು ಮಗಳ ಪಾಲಿನ ಕೆಲಸ. ಅಂಟು ಹೆಚ್ಚಾದರೆ ಬಣ್ಣ ಬಿರಿಯುತ್ತದೆ, ಕಡಿಮೆಯಾದರೆ ಪರದೆ ಸುತ್ತಿದಾಗ ಉದುರುತ್ತದೆ. ಹತ್ತಿರದಿಂದ ನೋಡಿದರೆ ಆ ದರ್ಬಾರಿನ ಕಂಬಗಳು ಬರೀ ಮೂರು ಗೀಟು: ಒಂದು ಹಳದಿ, ಒಂದು ಕಂದು, ನಡುವೆ ಬಿಳಿ. "ಮುಂದಿನ ಸಾಲಿನವನಿಗೆ ಏನಾದ್ರೂ ಕಾಣ್ಲಿ ಕಣವ್ವ, ಕಡೇ ಸಾಲಿನವನಿಗೆ ಕಂಬ ಕಾಣ್ಬೇಕು" ಎಂದು ತಂದೆ ಹೇಳುತ್ತಿದ್ದರಂತೆ. ಕಲಾಶಾಲೆಗೆ ಹೋಗುವ ಮೊದಲೇ ಅವರಿಗೆ ದೂರ ಮತ್ತು ಅಳತೆಯ ಪಾಠ ಆಗಿಹೋಗಿತ್ತು ಅಂತ ನಾನು ನಂಬುತ್ತೇನೆ. ಅವರ ಯಾವ ಕೆಲಸ ನೋಡಿದರೂ, ಅದು ವಿಡಿಯೋ ಇರಲಿ, ಮರಳಿನ ಹಾಸು ಇರಲಿ, ನೋಡುವವರು ಎಲ್ಲಿ ನಿಲ್ಲುತ್ತಾರೆ ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು ಮಾಡಿದ್ದು.

ಫ್ಲೆಕ್ಸ್ ಬಂತು. ಅಂಗಡಿ ಬೋರ್ಡು ಹೋಯಿತು, ಸಿನಿಮಾ ಬ್ಯಾನರ್ ಹೋಯಿತು, ಕಡೆಗೆ ಸೀನರಿ ಅಂಗಡಿಯವರೂ ದರ್ಬಾರನ್ನು ಪ್ರಿಂಟು ಹಾಕಿಸತೊಡಗಿದರು. ತಂದೆ ಸರ್ಕಾರಿ ಶಾಲೆಗಳ ಗೋಡೆಗೆ ನಕ್ಷೆ, ಗಾದೆ ಬರೆಯುವ ಕೆಲಸಕ್ಕೆ ಇಳಿದರು. ಬಾಗಿಲು ಹಾಕಿದ ಒಂದು ಕಂಪನಿ ಬಾಕಿ ಹಣಕ್ಕೆ ಬದಲಾಗಿ ಅವರೇ ಬರೆದಿದ್ದ ದರ್ಬಾರ್ ಪರದೆಯನ್ನು ಅವರಿಗೇ ವಾಪಸ್ ಕೊಟ್ಟಿತು. ಈ ಪರದೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬರುತ್ತದೆ.

ಮಗಳು ಪದವಿ ಓದಿದ್ದು ಇದೇ ಊರಿನ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ, ಚಿತ್ರಕಲೆಯಲ್ಲಿ. ಸ್ನಾತಕೋತ್ತರಕ್ಕೆ ಹೊರರಾಜ್ಯಕ್ಕೆ ಹೋಗಿ ಶಿಲ್ಪಕಲೆ ತೆಗೆದುಕೊಂಡರು, ಅಲ್ಲಿ ಕ್ಯಾಮೆರಾ ಹಿಡಿಯುವುದನ್ನೂ ಕಲಿತರು. ಬೆಂಗಳೂರಿನಲ್ಲಿ ನೆಲೆ ನಿಲ್ಲುವ ಯೋಚನೆ ಇತ್ತು. ತಂದೆಗೆ ಲಕ್ವ ಹೊಡೆದು ಬಲಗೈ ಮತ್ತು ಮಾತು ಎರಡೂ ಹೋದ ಮೇಲೆ ಊರಿಗೆ ಬಂದವರು ಮತ್ತೆ ಹೋಗಲಿಲ್ಲ. ಖಾಸಗಿ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್ ಆದರು. ಸಂಬಳ ಮನೆಗೆ, ಮದುವೆ ಸೀಸನ್ನಿನಲ್ಲಿ ಕಲ್ಯಾಣಮಂಟಪಗಳ ವೇದಿಕೆ ಅಲಂಕಾರದಿಂದ ಬಂದದ್ದು ಕಲೆಯ ಖರ್ಚಿಗೆ. ಈ ಏರ್ಪಾಡು ಇವತ್ತಿಗೂ ಬದಲಾಗಿಲ್ಲ.

"ನೀವು ಪೇಂಟರ್ರೋ, ಶಿಲ್ಪಿನೋ?"

ಹಾಜರಿ ಬಿಲ್ಲೆಗಳಿಂದ ಊರಿನ ಕೆಲಸ ಶುರುವಾಯಿತು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲದ ಹತ್ತಿಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆದರೆ ಆ ಗಿರಣಿಗಳಲ್ಲಿ ದುಡಿದವರ ಮನೆಗಳಲ್ಲಿ ನಂಬರು ಕೆತ್ತಿದ ಲೋಹದ ಬಿಲ್ಲೆಗಳು ಇನ್ನೂ ಇದ್ದವು. ತೆಳು ಕಾಗದ ಇಟ್ಟು ಮೇಲೆ ಇದ್ದಿಲು ಉಜ್ಜಿದರೆ ನಂಬರು ಎದ್ದು ಬರುತ್ತದೆ. ಮನೆಮನೆಗೆ ಹೋಗಿ ಅಂಥ ಉಜ್ಜುಚಿತ್ರಗಳನ್ನು ಮಾಡಿದರು. ಆಮೇಲೆ ಅಪ್ಪನ ಪರದೆಯ ಮುಂದೆ ಅಮ್ಮನನ್ನೂ ತಮ್ಮನ್ನೂ ನಿಲ್ಲಿಸಿ, ಸ್ಟುಡಿಯೋ ಫೋಟೊದ ಗತ್ತಿನಲ್ಲಿ ತೆಗೆದ ಛಾಯಾಚಿತ್ರಗಳು. ಅಲ್ಲಿಂದ ಧ್ವನಿ ಮುದ್ರಣ. ಅದಕ್ಕೆ ಕಾರಣ ಮನೆಯಲ್ಲೇ ಇತ್ತು: ಮಾತು ಹೋದ ತಂದೆ ಗಂಟಲಿನಿಂದ ಹೊರಡಿಸುವ ದನಿಗಳಲ್ಲಿ ಯಾವುದು ನೀರು, ಯಾವುದು ಸಿಟ್ಟು ಎಂದು ಗುರುತಿಸಲು ಮೊಬೈಲಿನಲ್ಲಿ ದಾಖಲಿಸಿಕೊಳ್ಳುತ್ತಿದ್ದರು. ಕಿವಿ ಪಳಗಿದ್ದು ಹಾಗೆ.

ಹೊರಗಿನಿಂದ ನೋಡಿದವರಿಗೆ ಇದು ಚಂಚಲತೆಯಾಗಿ ಕಂಡಿತು. ನೆಂಟರು "ಒಂದರಲ್ಲಿ ಗಟ್ಟಿಯಾಗಿ ನಿಲ್ಲಮ್ಮ" ಅಂದರು. ಅನುದಾನದ ಅರ್ಜಿಗಳಲ್ಲಿ ಚಿತ್ರಕಲೆ, ಶಿಲ್ಪಕಲೆ, ಗ್ರಾಫಿಕ್, ಛಾಯಾಚಿತ್ರ ಎಂದು ನಾಲ್ಕು ಚೌಕ, ಒಂದಕ್ಕೆ ಮಾತ್ರ ಗುರುತು ಹಾಕಬೇಕು. ಸಂದರ್ಶನವೊಂದರಲ್ಲಿ ನೇರವಾಗಿಯೇ ಕೇಳಿದರಂತೆ: ನೀವು ಪೇಂಟರ್ರೋ, ಶಿಲ್ಪಿನೋ?

ಈ ಪ್ರಶ್ನೆ ನನಗೆ ಒಪ್ಪಿಗೆಯಿಲ್ಲ. ಕಂಪನಿ ನಾಟಕದಲ್ಲಿ ಹಗಲು ಪರದೆ ಬರೆದವನೇ ರಾತ್ರಿ ಸೇನಾಪತಿಯ ಪಾತ್ರ ಮಾಡುತ್ತಿದ್ದ, ನಡುವೆ ಹಾರ್ಮೋನಿಯಂ ಪೆಡಲನ್ನೂ ತುಳಿಯುತ್ತಿದ್ದ. ಅವನನ್ನು ಯಾರೂ ಚೌಕದೊಳಗೆ ಕೂರಿಸಲಿಲ್ಲ. ಸಮಕಾಲೀನ ಕಲೆಯಲ್ಲೂ ನಮ್ಮವರದೇ ಉದಾಹರಣೆಗಳಿವೆ. ಪಕ್ಕದ ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿದ ಷೀಲಾ ಗೌಡ ಕಲಿತದ್ದು ಚಿತ್ರಕಲೆ: ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಆಮೇಲೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್. 1990ರ ದಶಕದ ಆರಂಭದಲ್ಲಿ ಅವರು ಕ್ಯಾನ್ವಾಸಿನಿಂದ ಸಗಣಿಗೆ ತಿರುಗಿದರು. ಮುಂದೆ ಉದ್ದುದ್ದ ದಾರವನ್ನು ಸೂಜಿಗಳಲ್ಲಿ ಪೋಣಿಸಿ, ಕುಂಕುಮ ಮೆತ್ತಿ ಹಗ್ಗ ಮಾಡಿದರು, ಡಾಂಬರು ಡ್ರಮ್ಮುಗಳಿಂದ, ಮುಡಿ ಕೊಟ್ಟ ಕೂದಲಿನ ಹಗ್ಗದಿಂದ ಕೃತಿ ಕಟ್ಟಿದರು. 2007ರ ಡಾಕ್ಯುಮೆಂಟಾ, 2009ರ ವೆನಿಸ್ ಬಿನಾಲೆ ಎಂಬ ದೊಡ್ಡ ಅಂತರರಾಷ್ಟ್ರೀಯ ಕಲಾಪ್ರದರ್ಶನಗಳಿಗೆ ಅವರನ್ನು ಕರೆದೊಯ್ದದ್ದು ಇಂಥ ಕೆಲಸಗಳೇ. ಶಿಲ್ಪಕಲೆ ಓದಿದ ಎನ್. ಪುಷ್ಪಮಾಲಾ 1990ರ ದಶಕದಲ್ಲಿ ಮಣ್ಣನ್ನು ಬಿಟ್ಟು ತಮ್ಮ ಮೈಯನ್ನೇ ಕ್ಯಾಮೆರಾದ ಮುಂದೆ ನಿಲ್ಲಿಸಿದರು. ಇಬ್ಬರಲ್ಲೂ ಹೇಳಬೇಕಾದದ್ದು ಬದಲಾದಾಗ ಸಾಮಗ್ರಿ ಬದಲಾಯಿತು. ನಮ್ಮ ಕಲಾವಿದೆಯದೂ ಅದೇ ಹಾದಿ. ಬಿಲ್ಲೆ, ಪರದೆ, ಗಂಟಲ ದನಿ, ಮರಳು: ಪ್ರತಿಯೊಂದೂ ಒಬ್ಬರ ದುಡಿಮೆಯಿಂದ ಬಂದದ್ದು. ಅವರ ಮಾಧ್ಯಮಗಳ ಪಟ್ಟಿ ಓದಿದರೆ ಅದು ಜನರ ಪಟ್ಟಿಯೂ ಹೌದು. ಪ್ರಕರಣದ ಗಂಟು ಇರುವುದು ಇಲ್ಲಿಯೇ.

ಭಟ್ಟಿಯಲ್ಲಿ ಎರಡು ರಾತ್ರಿ

ದಾವಣಗೆರೆ ಮಂಡಕ್ಕಿ ಹೊರಗಿನವರಿಗೆ ಮಿರ್ಚಿಯ ಜೊತೆ ಗೊತ್ತು. ಅದು ಹುಟ್ಟುವ ಜಾಗವನ್ನು ಊರಿನವರೇ ಎಷ್ಟೋ ಜನ ನೋಡಿಲ್ಲ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಮಿಲ್ಲಿಗೆ ಹಾಕಿ ಅಕ್ಕಿ ಮಾಡಬೇಕು. ಆ ಅಕ್ಕಿಗೆ ಉಪ್ಪುನೀರು ಹಿಡಿಸಿ, ಮತ್ತೆ ಒಣಗಿಸಿ, ಕಾದ ಮರಳಿನಲ್ಲಿ ಹುರಿದರೆ ಕೆಲವೇ ಕ್ಷಣದಲ್ಲಿ ಅರಳುತ್ತದೆ. ತಡಮಾಡದೆ ಜರಡಿಗೆ ಸುರಿಯಬೇಕು. ಮರಳು ಕೆಳಗೆ, ಮಂಡಕ್ಕಿ ಮೇಲೆ. ಅದೇ ಮರಳು ಮತ್ತೆ ಬಾಣಲೆಗೆ. ಕಾದು ಕಾದು ಅದು ಕಪ್ಪಗೆ, ನುಣ್ಣಗೆ, ಭಾರವಾಗುತ್ತದೆ. ಒಲೆಗೆ ಹೊಟ್ಟು, ಸೌದೆ. ಹಿಂದೆ ಹಳೇ ಟೈರು ಸುಡುತ್ತಿದ್ದ ಕಾಲವೂ ಇತ್ತು, ಆ ಹೊಗೆ ಕುಡಿದು ಎದೆ ಕೆಡಿಸಿಕೊಂಡವರು ಇಲ್ಲಿದ್ದಾರೆ.

ಶಾಲೆಯ ಮಕ್ಕಳಲ್ಲಿ ಕೆಲವರು ಭಟ್ಟಿ ಕೇರಿಯಿಂದ ಬರುತ್ತಿದ್ದರು. ಆ ದಾರಿಯಲ್ಲಿ ಕಲಾವಿದೆ ಅವರ ತಾಯಂದಿರನ್ನು ಕಂಡರು, ಮುಂದೆ ಬಹಳ ಕಾಲ ಸಂಜೆ ಹೊತ್ತು ಅಲ್ಲಿ ಕೂತು ದನಿ ಮುದ್ರಿಸಿಕೊಂಡರು. ಜರಡಿಯ ಸದ್ದು, ಸೇರಿನಿಂದ ಅಳೆಯುವಾಗಿನ ಎಣಿಕೆ, ಬೈಗುಳ, ಹಾಡು, ಬಡ್ಡಿಯ ಲೆಕ್ಕ. ಕಡೆಗೆ ಭಟ್ಟಿಯೊಂದರ ಮಾಲೀಕರನ್ನು ಕೇಳಿ ಎರಡು ದಿನ ಒಲೆ ಆರಿಸಿಸಿದರು. ಅವರು ಬಾಡಿಗೆ ಕೇಳಲಿಲ್ಲ. ಹೆಂಗಸರಿಗೆ ಎರಡು ದಿನದ ಕೂಲಿಯನ್ನು ಕಲಾವಿದೆಯೇ ಕೊಟ್ಟರು, ರಸೀದಿ ಪುಸ್ತಕದಲ್ಲಿ ಬರೆಸಿ ಸಹಿ, ಹೆಬ್ಬೆಟ್ಟು ತೆಗೆದುಕೊಂಡರು. ಆ ರಸೀದಿಗಳು ಮುಂದೆ ಎಷ್ಟು ಕೆಲಸಕ್ಕೆ ಬಂದವು ಎಂದು ಹೇಳುತ್ತೇನೆ.

ಒಳಗೆ ಹೋದವರಿಗೆ ಕಂಡದ್ದು ಇಷ್ಟು. ಶೆಡ್ಡಿನ ನೆಲದ ತುಂಬ ಕಪ್ಪು ಮರಳು, ಒಳಗೆ ಇನ್ನೂ ಬಿಸಿ ಹಿಡಿದಿತ್ತು, ಚಪ್ಪಲಿ ಬಿಟ್ಟು ನಡೆಯಬೇಕು. ಎದುರಿಗೆ ಅಪ್ಪನ ದರ್ಬಾರ್ ಪರದೆ, ಆದರೆ ಹಿಂದುಮುಂದಾಗಿ. ಬಟ್ಟೆಯ ಬೆನ್ನಿಗೆ ಒಸರಿದ ಬಣ್ಣದಲ್ಲಿ ಕಂಬಗಳು ಮಸುಕಾಗಿ ಕಾಣುತ್ತಿದ್ದವು, ಹೊಲಿಗೆ, ತೇಪೆ, ಮಳೆ ಕಲೆ ಎಲ್ಲವೂ ನೋಡುವವರ ಕಡೆಗೆ. ಮೂಲೆಗಳಲ್ಲಿಟ್ಟ ಸ್ಪೀಕರುಗಳಿಂದ ಎಣಿಕೆಯ ದನಿ. ನಡುವೆ ಆರು ಹೆಂಗಸರು ಮತ್ತು ಕಲಾವಿದೆ ಖಾಲಿ ಮರಳನ್ನು ಜರಡಿ ಹಿಡಿಯುತ್ತಿದ್ದರು. ಮಂಡಕ್ಕಿ ಇಲ್ಲದ ಜರಡಿಯಲ್ಲಿ ಏನೂ ಉಳಿಯುವುದಿಲ್ಲ. ಆರು ಜನರದು ಒಂದೇ ಲಯ, ಮಣಿಕಟ್ಟಿನಿಂದ ಹೊರಡುವ ಸಣ್ಣ ತಿರುವು. ಕಲಾವಿದೆಯ ಕೈ ಮಾತ್ರ ಭುಜದಿಂದ ಆಡುತ್ತಿತ್ತು, ಅರ್ಧ ಗಂಟೆಗೇ ಸೋತಿತು. ಪಕ್ಕದಲ್ಲಿದ್ದವರು ಕೆಲಸ ನಿಲ್ಲಿಸದೆ, ತಮ್ಮ ಮೊಣಕೈಯಿಂದ ಅವರ ಮೊಣಕೈಯನ್ನು ಒತ್ತಿ ಪಕ್ಕೆಗೆ ಸೇರಿಸಿದರು. ಆಮೇಲೆ ಸರಿಹೋಯಿತು. ಇಡೀ ಕೃತಿಯಲ್ಲಿ ನನಗೆ ಬಹಳ ಬೆಲೆಯುಳ್ಳದ್ದಾಗಿ ಕಂಡದ್ದು ಆ ಮೊಣಕೈ.

ನೋಡಲು ಬಂದವರಲ್ಲಿ ಬೆಂಗಳೂರಿನ ಒಂದಿಬ್ಬರು ಕಲಾವಿಮರ್ಶಕರಿದ್ದರು, ಉಳಿದವರೆಲ್ಲ ಕೇರಿಯ ಜನ ಮತ್ತು ಶಾಲೆಯ ಮಕ್ಕಳು. ವಿಡಿಯೋ ಚೆನ್ನಾಗಿ ತೆಗೆಸಿದ್ದರು. ಅದು ಒಂದೆರಡು ಕಡೆ ಪ್ರದರ್ಶನವಾಯಿತು. ಪತ್ರ ಬಂದದ್ದು ಅದನ್ನು ನೋಡಿ.

ಕರಡು ಒಪ್ಪಂದ

ಸಂಗ್ರಹಾಲಯದವರು ಕೇಳಿದ್ದು ಅನುಸ್ಥಾಪನ ಕಲೆಯ, ಅಂದರೆ ಒಂದು ಜಾಗದಲ್ಲಿ ಕಟ್ಟಿ ತೋರಿಸುವ ಇನ್‌ಸ್ಟಲೇಶನ್ ಕೃತಿಗಳ, ಮಾರಾಟದಲ್ಲಿ ರೂಢಿಯಲ್ಲಿರುವುದನ್ನೇ. ಕಲಾವಿದೆ ಸಹಿ ಮಾಡಿದ ಪ್ರಮಾಣಪತ್ರ, ಮತ್ತೆ ಕಟ್ಟುವುದು ಹೇಗೆ ಎಂಬ ಸೂಚನಾಪತ್ರ, ಧ್ವನಿ ಮತ್ತು ವಿಡಿಯೋ ಕಡತಗಳು, ಜೊತೆಗೆ ಪರದೆ. ಕರಡಿನಲ್ಲಿ ಕಲಾವಿದೆಯೇ ಏಕೈಕ ಕರ್ತೃ, ಎಲ್ಲ ಹಕ್ಕು ಅವರದೇ, ಬೇರೆ ಯಾರ ಹಕ್ಕೂ ಇದರಲ್ಲಿ ಸೇರಿಲ್ಲ ಎಂಬ ಒಕ್ಕಣೆ ಇತ್ತು. ದುರುದ್ದೇಶದಿಂದ ಬರೆದದ್ದಲ್ಲ, ಸಿದ್ಧ ನಮೂನೆಯ ಮಾತು. ಆದರೆ ಸಹಿ ಹಾಕಿದರೆ ಸುಳ್ಳು ಬರೆದುಕೊಟ್ಟ ಹಾಗೆ. ಅವರ ಇಡೀ ವೃತ್ತಿಜೀವನದಲ್ಲಿ ಬಂದ ಮೊದಲ ದೊಡ್ಡ ಮಾರಾಟ ಅದು, ಮನೆ ಸಾಲ ಬಾಕಿ ಇತ್ತು. ಆದರೂ ಅವರು ಕರಡನ್ನು ಬದಿಗಿಟ್ಟು, ಪಾಲುದಾರರು ಯಾರ್ಯಾರು ಎಂದು ಒಂದು ಹಾಳೆಯಲ್ಲಿ ಬರೆಯತೊಡಗಿದರು.

ಮೊದಲ ತೊಡಕು ಪರದೆ. ಬಟ್ಟೆ ತಂದೆಯದು, ಬಾಕಿಗೆ ಬದಲಾಗಿ ಬಂದದ್ದು. ಅದರ ಮೇಲಿನ ಚಿತ್ರದ ಹಕ್ಕು? 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಪ್ರಕರಣದ (ಸೆಕ್ಷನ್) ಪ್ರಕಾರ ಬರೆದವರೇ ಮೊದಲ ಒಡೆಯರು. ಆದರೆ ಹಣ ಕೊಟ್ಟು ಬರೆಸಿದ ಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರು ಮೊದಲ ಒಡೆಯರಾಗುತ್ತಾರೆ. ಹಾಗಾದರೆ ಮುಚ್ಚಿಹೋದ ನಾಟಕ ಕಂಪನಿಗೆ ಹಕ್ಕು ಹೋಗುತ್ತದೆಯೇ? ಹಣವನ್ನೇ ಕೊಡದೆ ಪರದೆ ವಾಪಸ್ ಕೊಟ್ಟರೆ ಆ ಹಕ್ಕಿನ ಗತಿಯೇನು? ನೋಡಿಕೊಟ್ಟ ವಕೀಲರು ಎರಡೂ ಕಡೆ ವಾದಿಸಬಹುದು ಎಂದರು. ವಾದಕ್ಕೆ ಎಡೆಯಿಲ್ಲದ್ದು ಒಂದಿತ್ತು: 57ನೇ ಪ್ರಕರಣ. ಹಕ್ಕನ್ನು ಮಾರಿದ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕು, ಅದನ್ನು ವಿರೂಪಗೊಳಿಸಿ ತನ್ನ ಮರ್ಯಾದೆಗೆ ಕುಂದು ತಂದರೆ ತಡೆಯುವ ಹಕ್ಕು ಕರ್ತೃವಿನ ಬಳಿಯೇ ಉಳಿಯುತ್ತದೆ.

ನಮ್ಮ ದೇಶದಲ್ಲಿ ಈ ಹಕ್ಕಿಗೆ ಬಲ ಬಂದದ್ದು ಶಿಲ್ಪಿ ಅಮರನಾಥ ಸೆಹಗಲ್ ಅವರ ಮೊಕದ್ದಮೆಯಿಂದ. ದೆಹಲಿಯ ವಿಜ್ಞಾನ ಭವನಕ್ಕೆ ಅವರು ಮಾಡಿಕೊಟ್ಟ ಕಂಚಿನ ಭಿತ್ತಿಶಿಲ್ಪ 1962ರಿಂದ ಅಲ್ಲಿತ್ತು. 1979ರಲ್ಲಿ ನವೀಕರಣದ ಹೆಸರಲ್ಲಿ ಅದನ್ನು ಕಿತ್ತು ಉಗ್ರಾಣಕ್ಕೆ ಎಸೆದರು. 2005ರಲ್ಲಿ ದೆಹಲಿ ಹೈಕೋರ್ಟು ಉಳಿದ ಭಾಗಗಳನ್ನು ಕಲಾವಿದರಿಗೆ ಮರಳಿಸಿ, 5 ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು. ಎಲ್ಲ ಕಡೆ ಹೀಗೇ ಆಗುತ್ತದೆ ಎನ್ನುವಂತಿಲ್ಲ. ಪ್ರಗತಿ ಮೈದಾನದ ಹಾಲ್ ಆಫ್ ನೇಷನ್ಸ್ ಕೆಡವಿದ್ದರ ವಿರುದ್ಧ ವಾಸ್ತುಶಿಲ್ಪಿ ರಾಜ್ ರೇವಾಲ್ ಹೂಡಿದ ಮೊಕದ್ದಮೆಯಲ್ಲಿ 2019ರಲ್ಲಿ ಅದೇ ಕೋರ್ಟು ಕಟ್ಟಡದ ಒಡೆಯನ ಪರ ನಿಂತಿತು. 57ನೇ ಪ್ರಕರಣಕ್ಕೆ ಒಂದು ವಿವರಣೆಯೂ ಅಂಟಿಕೊಂಡಿದೆ: ಕೃತಿಯನ್ನು ಪ್ರದರ್ಶಿಸದೆ ಇಟ್ಟರೆ, ಅಥವಾ ಕರ್ತೃವಿಗೆ ಒಪ್ಪಿಗೆಯಾಗುವಂತೆ ಪ್ರದರ್ಶಿಸದಿದ್ದರೆ, ಅದು ಹಕ್ಕಿನ ಉಲ್ಲಂಘನೆ ಆಗುವುದಿಲ್ಲ. ಅನುಸ್ಥಾಪನ ಕಲೆ ಮಾಡುವವರು ಈ ಸಾಲನ್ನು ಗೋಡೆಗೆ ಅಂಟಿಸಿಕೊಳ್ಳಬೇಕು. ಕ್ಯಾನ್ವಾಸು ಗೋದಾಮಿನಲ್ಲಿದ್ದರೂ ಕ್ಯಾನ್ವಾಸೇ. ಮರಳಿನ ಕೃತಿ ಕಟ್ಟಿದಾಗ ಮಾತ್ರ ಇರುತ್ತದೆ, ಹೇಗೆ ಕಟ್ಟಿದ್ದಾರೆ ಎಂಬುದೇ ಅದರ ಜೀವ. ಕಾಯ್ದೆ ಕೊಡದ ರಕ್ಷಣೆಯನ್ನು ಒಪ್ಪಂದದಲ್ಲಿ ಬರೆಸಿಕೊಳ್ಳದಿದ್ದರೆ ಬೇರೆ ದಾರಿಯಿಲ್ಲ.

ಪರದೆಯ ತೀರ್ಮಾನ ಹೀಗಾಯಿತು. ಹಳೆಯದನ್ನು ಮಾರುವುದಿಲ್ಲ. ಅದು ಮನೆಯಲ್ಲೇ ಇರುತ್ತದೆ. ಪ್ರತಿ ಪ್ರದರ್ಶನಕ್ಕೂ ಹೊಸ ದರ್ಬಾರ್ ಪರದೆಯನ್ನು ಬರೆಸಬೇಕು, ಕೈಯಿಂದಲೇ ಬರೆಸಬೇಕು, ಕೈಯಲ್ಲಿ ಪರದೆ ಬರೆಯುವುದನ್ನೇ ವೃತ್ತಿ ಮಾಡಿಕೊಂಡವರಿಂದ ಬರೆಸಿ ಅವರಿಗೆ ಸಂಗ್ರಹಾಲಯವೇ ಹಣ ಕೊಡಬೇಕು. ನಕ್ಷೆ ತಂದೆಯದು, ಫಲಕದಲ್ಲಿ ಅವರ ಹೆಸರು ಇರಲೇಬೇಕು. ಅಷ್ಟು ವರ್ಷ ಪರದೆ ಬರೆದವರ ಹೆಸರು ಒಂದು ಪರದೆಯ ಮೇಲೂ ಇರಲಿಲ್ಲ, ಅಲ್ಲಿ ಕಂಪನಿಯ ಹೆಸರಿಗಷ್ಟೇ ಜಾಗ. ಒಪ್ಪಿಗೆ ಪತ್ರಕ್ಕೆ ಅವರು ಎಡಗೈಯಲ್ಲಿ ಸಹಿ ಮಾಡಿದರು. ಹೆಬ್ಬೆಟ್ಟು ಸಾಕು ಎಂದು ನಾವು ಹೇಳಿದರೂ ಕೇಳಲಿಲ್ಲ.

ಆರು ಜನರ ಮಾತು

ಹೆಂಗಸರ ಪಾಲನ್ನು ನಿರ್ಧರಿಸುವುದಕ್ಕೆ ಇದಕ್ಕಿಂತ ಹೆಚ್ಚು ಸಮಯ ಹಿಡಿಯಿತು, ಹಿಡಿಯಬೇಕಾದದ್ದೂ ನ್ಯಾಯವೇ. ಸಂಗ್ರಹಾಲಯದ ಕಡೆಯವರ ಮೊದಲ ವಾದ: ಅವರು ಮಾಡಿದ್ದು ದಿನನಿತ್ಯದ ಕೆಲಸ, ಅದಕ್ಕೆ ಕೂಲಿ ಸಂದಿದೆ. ರಸೀದಿ ಪುಸ್ತಕ ಹೊರಬಂದದ್ದು ಆಗ. ಕಲಾವಿದೆ ಪ್ರತಿ ರಸೀದಿಯಲ್ಲೂ "ಎರಡು ದಿನ ಕೆಲಸ ತಪ್ಪಿದ್ದಕ್ಕೆ" ಎಂದು ಬರೆಸಿದ್ದರು. ಪ್ರದರ್ಶನಕ್ಕೆ ಎಂದು ಬರೆದಿರಲಿಲ್ಲ. ಅಂದರೆ ಪ್ರದರ್ಶನದ ಲೆಕ್ಕ ಇನ್ನೂ ತೀರಿರಲಿಲ್ಲ. ಕಾಯ್ದೆ ಪ್ರದರ್ಶಕ ಎನ್ನುವ ಪದಕ್ಕೆ ಕೊಡುವ ಅರ್ಥ ವಿಶಾಲವಾಗಿದೆ: ನಟ, ಗಾಯಕ, ನರ್ತಕರ ಜೊತೆ ದೊಂಬರಾಟದವರು, ಹಾವಾಡಿಗರು, ಉಪನ್ಯಾಸ ಕೊಡುವವರು, ಪ್ರದರ್ಶನ ನೀಡುವ ಬೇರೆ ಯಾರೇ ಆದರೂ ಸೇರುತ್ತಾರೆ. ಹಾವಾಡಿಗರಿಗೆ ಇರುವ ಹಕ್ಕು ಜರಡಿ ಹಿಡಿದವರಿಗೆ ಏಕಿಲ್ಲ ಎಂದು ಕೇಳಿದೆವು. 38ನೇ ಪ್ರಕರಣದ ಪ್ರಕಾರ ಪ್ರದರ್ಶಕರ ಹಕ್ಕು 50 ವರ್ಷ ಇರುತ್ತದೆ. 2012ರ ತಿದ್ದುಪಡಿ ಅವರಿಗೂ 57ನೇ ಪ್ರಕರಣದಲ್ಲಿರುವಂಥ ನೈತಿಕ ಹಕ್ಕು ಕೊಟ್ಟಿದೆ, ಹೆಸರು ಹಾಕಿಸಿಕೊಳ್ಳುವುದು ಅದರಲ್ಲಿ ಒಂದು. ಸಂಗ್ರಹಾಲಯದವರು ಒಪ್ಪಿದರು. ಅವರ ಕಡೆಯ ವಕೀಲೆ ತಾವಾಗಿಯೇ ಆ ಭಾಗವನ್ನು ತಿದ್ದಿ ಬರೆದರು ಎಂಬುದನ್ನೂ ಹೇಳಬೇಕು.

ಆದರೆ ಹಕ್ಕು ಇದೆ ಎಂದು ನಾವು ಹೇಳಿದ್ದಕ್ಕೂ ಅವರಿಗೆ ಬೇಕಾದದ್ದಕ್ಕೂ ವ್ಯತ್ಯಾಸ ಇತ್ತು. ಭಟ್ಟಿಯ ಹಿಂದಿನ ಮನೆಯಲ್ಲಿ ಎಲ್ಲರೂ ಕೂತಾಗ ಶೇಕಡಾವಾರು ಪಾಲಿನ ಮಾತು ತೆಗೆದೆ. ಹಿರಿಯರೊಬ್ಬರು ಕೈ ಎತ್ತಿ ತಡೆದರು. "ಪರ್ಸೆಂಟು ಗಿರ್ಸೆಂಟು ಬ್ಯಾಡ ಸರ್. ಮುಂದೆ ಯಾವಾಗ್ಲೋ ಮಾರಿದ್ರೆ ನಾವೆಲ್ಲಿ ಇರ್ತೀವೋ. ಈಗ ಕೊಡಾದು ಈಗ್ಲೇ ಕೊಡ್ರಿ. ಮತ್ತೆ ಆಟ ಆಡ್ಸಿದಾಗ ಮತ್ತೆ ಕೊಡ್ರಿ." ಅವರ ಮಾತೇ ಒಪ್ಪಂದವಾಯಿತು: ಮಾರಾಟದ ಹಣದಲ್ಲಿ ಆರು ಜನಕ್ಕೂ ಒಂದೇ ಸಲಕ್ಕೆ ಸಮಪಾಲು, ಪ್ರತಿ ಮರುಪ್ರದರ್ಶನಕ್ಕೂ ನಿಗದಿತ ಮೊತ್ತ, ಆ ಮೊತ್ತ ಅವರ ಮಕ್ಕಳಿಗೂ ಸಲ್ಲುತ್ತದೆ. ಕಾಯ್ದೆಯ 53ಎ ಪ್ರಕರಣದಲ್ಲಿ 10,000 ರೂಪಾಯಿ ಮೀರಿದ ಮರುಮಾರಾಟದಲ್ಲಿ ಕರ್ತೃವಿಗೆ ಪಾಲು ಕೇಳುವ ಹಕ್ಕಿದೆ, ಅದು ಶೇ 10ನ್ನು ಮೀರುವಂತಿಲ್ಲ. ಆದರೆ ಅಲ್ಲಿ ಹೆಸರಿಸಿರುವುದು ಚಿತ್ರ, ಶಿಲ್ಪ, ರೇಖಾಚಿತ್ರ ಮತ್ತು ಹಸ್ತಪ್ರತಿಗಳ ಮೂಲಪ್ರತಿ ಮಾತ್ರ. ಮರಳು, ದನಿ, ಜರಡಿ ಸೇರಿದ ಕೃತಿಯನ್ನು ಅದರಡಿ ತರುವುದು ಕಷ್ಟ. ಆ ಹಿರಿಯರು ಕಾಯ್ದೆ ಓದದೆಯೇ ಸರಿಯಾದ ಜಾಗದಲ್ಲಿ ಕೈ ಇಟ್ಟಿದ್ದರು.

ಇನ್ನೆರಡು ಮಾತು ಬಂದವು. ಇಬ್ಬರು ತಮ್ಮ ಹೆಸರು ಫಲಕದಲ್ಲಿ ಬೇಡ ಎಂದರು, ಮನೆಯವರು ಏನನ್ನುತ್ತಾರೋ ಎಂಬ ಅಂಜಿಕೆ. ಹಾಗಾಗಿ ನಾಲ್ಕು ಹೆಸರು, ಜೊತೆಗೆ "ಹೆಸರು ಬೇಡವೆಂದ ಇಬ್ಬರು" ಎಂಬ ಸಾಲು. ಮತ್ತೊಬ್ಬರು ಧ್ವನಿ ಮುದ್ರಣವನ್ನು ಪೂರ್ತಿ ಕೇಳಿಸಿಕೊಂಡು, ತಾವು ಸಾಲದ ಬಗ್ಗೆ ಆಡಿದ ಒಂದು ಮಾತನ್ನು ತೆಗೆಯಲು ಹೇಳಿದರು. ಕಲಾತ್ಮಕವಾಗಿ ಇಡೀ ಧ್ವನಿಯಲ್ಲಿ ಬಹಳ ತೀಕ್ಷ್ಣವಾದ ಮಾತು ಅದು. ಕಲಾವಿದೆ ಒಂದು ಕ್ಷಣವೂ ವಾದ ಮಾಡಲಿಲ್ಲ. "ಅಕ್ಕಾ, ಇಲ್ಲೇ ತೆಗಿತೀನಿ ನೋಡ್ರಿ" ಎಂದು ಲ್ಯಾಪ್‌ಟಾಪಿನಲ್ಲಿ ಅವರೆದುರೇ ಕತ್ತರಿಸಿ, ಮೂಲ ಕಡತದಿಂದಲೂ ಅಳಿಸಿ, ಮತ್ತೊಮ್ಮೆ ಕೇಳಿಸಿದರು. ನನ್ನ ವಿದ್ಯಾರ್ಥಿಗಳಿಗೆ ಈ ಪ್ರಸಂಗ ಹೇಳಿದಾಗ ಅರ್ಧ ಜನ ಇದು ಕಲೆಗೆ ಆದ ನಷ್ಟ ಎನ್ನುತ್ತಾರೆ. ನಾನು ಹಾಗೆ ತಿಳಿಯುವುದಿಲ್ಲ. ಆ ಮಾತು ಆಡಿದವರ ಒಪ್ಪಿಗೆಯಿಲ್ಲದೆ ಅಲ್ಲಿ ಉಳಿದಿದ್ದರೆ ಇಡೀ ಕೃತಿ ಬಡ್ಡಿ ಲೆಕ್ಕ ಬರೆಯುವವನ ಕಡೆ ವಾಲುತ್ತಿತ್ತು.

ಮರಳಿನ ಷರತ್ತು

ಸೂಚನಾಪತ್ರ ಬರೆಯುವಾಗ ನಿಜವಾದ ಜಗ್ಗಾಟ ನಡೆಯಿತು. ಕಪ್ಪು ಬಣ್ಣ ಹಾಕಿದ ಮರಳು ಬಳಸಬಹುದೇ ಎಂದು ಸಂಗ್ರಹಾಲಯದವರು ಕೇಳಿದರು, ಸಾಗಣೆ ಖರ್ಚು ಉಳಿಯುತ್ತದೆ. ಆಗುವುದಿಲ್ಲ ಎಂದರು ಕಲಾವಿದೆ. ಕೈಯಿಂದ ಹುರಿಯುವ ಭಟ್ಟಿಯಲ್ಲಿ ದುಡಿದು ಕಪ್ಪಾದ ಮರಳೇ ಬೇಕು, ಅದಕ್ಕೆ ಬದಲಾಗಿ ಭಟ್ಟಿಗೆ ಹೊಸ ಮರಳು ತುಂಬಿಕೊಡಬೇಕು, ಪ್ರದರ್ಶನ ಮುಗಿದ ಮೇಲೆ ಕಪ್ಪು ಮರಳು ಭಟ್ಟಿಗೇ ಮರಳಬೇಕು. ಇದಕ್ಕೆ ಹೂಂ ಅಂದರು. ಮುಂದಿನ ಷರತ್ತಿಗೆ ಬೆಚ್ಚಿದರು: ಕೈಭಟ್ಟಿ ಒಂದೂ ಉಳಿಯದ ಕಾಲ ಬಂದರೆ ಈ ಕೃತಿಯನ್ನು ಮತ್ತೆ ಕಟ್ಟಕೂಡದು.

ಸಾಯಬಹುದಾದ ಕೃತಿಗೆ ಯಾವ ಸಂಗ್ರಹಾಲಯ ಹಣ ಕೊಡುತ್ತದೆ ಎಂಬುದು ಅವರ ವಾದ, ಅದರಲ್ಲಿ ಹುರುಳಿಲ್ಲ ಎನ್ನಲಾಗದು. ಸಂರಕ್ಷಣೆ ಅವರ ಧರ್ಮ. ಕಲಾವಿದೆಯ ವಾದ ಬೇರೆ: ಯಂತ್ರದ ಭಟ್ಟಿ ಬರಲಿ, ಹೊಗೆ ನಿಲ್ಲಲಿ, ಹೆಂಗಸರ ಎದೆ ಉಳಿಯಲಿ, ಅದು ಒಳ್ಳೆಯದೇ. ಆದರೆ ಆ ದುಡಿಮೆ ಮುಗಿದುಹೋದ ಮೇಲೆ ಅದರ ಮರಳನ್ನು ಎಸಿ ಕೋಣೆಯಲ್ಲಿ ಹಾಸುವುದು ವೇಷ ಹಾಕಿದಂತೆ. ಪತ್ರಗಳು ಹೋದವು ಬಂದವು, ಒಮ್ಮೆ ಮಾರಾಟ ಮುರಿಯಿತು ಅಂತಲೇ ಅಂದುಕೊಂಡೆವು. ಕಡೆಗೆ ಒಪ್ಪಿದ್ದು ಇಷ್ಟಕ್ಕೆ: ಕೈಭಟ್ಟಿಗಳು ನಿಂತ ಮೇಲೆ ಸಂಗ್ರಹಾಲಯ ಮರಳು, ಜರಡಿ ಇಲ್ಲದೆ ಸೂಚನಾಪತ್ರವನ್ನೂ ಧ್ವನಿಯನ್ನೂ ಮಾತ್ರ ಪ್ರದರ್ಶಿಸಬಹುದು, ಫಲಕದಲ್ಲಿ ಕಾರಣ ಬರೆಯಬೇಕು. ಕೈಭಟ್ಟಿ ಉಳಿದಿದೆಯೇ ಇಲ್ಲವೇ ಎಂದು ಹೇಳುವ ಅಧಿಕಾರ ಕಲಾವಿದೆಗೆ, ಅವರ ನಂತರ ಆ ಆರು ಜನರ ಮನೆಯವರಿಗೆ.

ಒಪ್ಪಂದ ಕನ್ನಡದಲ್ಲಿ ಮತ್ತು ಇಂಗ್ಲಿಷಿನಲ್ಲಿ ಆಯಿತು, ಎರಡರ ನಡುವೆ ವ್ಯತ್ಯಾಸ ಬಂದರೆ ಕನ್ನಡದ ಪ್ರತಿಯೇ ಮಾನ್ಯ ಎಂದು ಬರೆಸಿದ್ದೇವೆ. ಸಹಿ ಹಾಕಿದವರಲ್ಲಿ ಹೆಚ್ಚಿನವರು ಓದಬಲ್ಲ, ಅಥವಾ ಓದಿಸಿ ಕೇಳಬಲ್ಲ ಭಾಷೆ ಅದೇ ಆಗಿತ್ತು.

ಬಂದ ಹಣದಲ್ಲಿ ಪಾಲುಗಳು, ವಕೀಲರ ಶುಲ್ಕ, ತೆರಿಗೆ ಕಳೆದು ಕಲಾವಿದೆಯ ಕೈಗೆ ಉಳಿದದ್ದರಿಂದ ಮನೆ ಸಾಲದ ದೊಡ್ಡ ಭಾಗ ತೀರಿತು. ಕೆಲಸ ಬಿಡಲಿಲ್ಲ, ಶಾಲೆಯಲ್ಲಿ ಸಂಬಳವಿಲ್ಲದ ರಜೆ ಹಾಕಿ ಮೊದಲ ಮರುಪ್ರದರ್ಶನಕ್ಕೆ ಹೋಗಿಬಂದರು. ಆರರಲ್ಲಿ ಮೂವರು ಜೊತೆಗೆ ಹೋಗಿದ್ದರು, ಉಳಿದ ಮೂವರಿಗೆ ಸೇರಬೇಕಾದ ಹಣ ಖಾತೆಗೆ ಜಮೆಯಾಯಿತು. ದರ್ಬಾರ್ ಪರದೆಯನ್ನು ಬರೆದದ್ದು ತಂದೆಯ ಹಳೆಯ ಜೊತೆಗಾರರೊಬ್ಬರು, ಫ್ಲೆಕ್ಸ್ ಬಂದ ಮೇಲೆ ಅವರಿಗೆ ಸಿಕ್ಕ ಮೊದಲ ಪೂರ್ತಿ ಅಳತೆಯ ಪರದೆಯಂತೆ.

ಈಗ ಅವರು ಚಳ್ಳಕೆರೆ ಕಡೆ ಕಂಬಳಿ ನೇಯುವ ಕುಟುಂಬಗಳ ಜೊತೆ ಕೆಲಸ ಶುರುಮಾಡಿದ್ದಾರೆ. ಉಣ್ಣೆ, ಮಗ್ಗದ ಸದ್ದು, ಹುಣಸೆ ಬೀಜದ ಗಂಜಿ. ಯಾವ ಮಾಧ್ಯಮದ ಕೃತಿ ಆಗುತ್ತದೆ ಎಂದು ಅವರಿಗೇ ಇನ್ನೂ ಗೊತ್ತಿಲ್ಲ. ಪಾಲಿನ ಕಾಗದವನ್ನು ಮಾತ್ರ ದನಿ ಮುದ್ರಿಸುವ ಯಂತ್ರ ಆನ್ ಮಾಡುವ ಮೊದಲೇ ನೇಕಾರರ ಜೊತೆ ಕೂತು ಬರೆದಿದ್ದಾರೆ. ಅದರ ನಮೂನೆಯನ್ನು ನಮ್ಮ ಕಡೆಯ ವರ್ಷದ ವಿದ್ಯಾರ್ಥಿಗಳಿಗೆ ಪಾಠದ ಜೊತೆ ಕೊಡುತ್ತಿದ್ದೇನೆ. ಈ ಸಲ ಅದನ್ನು ಮೊದಲು ಬಳಸಿದ್ದು ಹರಿಹರದ ಹುಡುಗನೊಬ್ಬ, ದೋಣಿ ನಡೆಸುವ ತನ್ನ ಚಿಕ್ಕಪ್ಪನ ದನಿ ಮುದ್ರಿಸಿಕೊಳ್ಳುವುದಕ್ಕೆ.